ಪಂಕಜಾ ಮೇಡಂ ಉಸ್ತುವಾರಿಯ ಬಿಸಿಬೇಳೆಬಾತ್

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಪಂಕಜಾ ಮೇಡಂ ಕಣ್ಣಿಗೆ ನೆಟ್ಟಗೆ ಕಂಡ ಮನುಷ್ಯರು ಒಬ್ಬರೂ ಇರಲಿಲ್ಲ. ಹಾಗೆಂದು ಅವರು ಯಾರನ್ನೂ ದ್ವೇಷಿಸುತ್ತಿರಲಿಲ್ಲ. ದ್ವೇಷಿಸುವುದಕ್ಕೂ ಎದುರಿನವರಿಗೆ ಒಂದಿಷ್ಟು ಯೋಗ್ಯತೆ ಇರಬೇಕು, ಈ ಬೀದಿಯವರಿಗೆ ಅದೂ ಇಲ್ಲ ಎಂಬುದು ಅವರ ತೀರ್ಮಾನ. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ಅವರಿಗೆ ಇಡೀ ಬಡಾವಣೆಯೇ ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಂತೆ ಕಾಣುತ್ತಿತ್ತು. ಬೆಲ್ಲಿನ ಮೇಲೆ ಬೆರಳಿಟ್ಟರೆ ತೆಗೆಯಲು ಮರೆಯುವವರು, ಗೇಟು ತೆಗೆದರೆ ಹಾಕಲು ಮರೆಯುವವರು, ಪೇಪರು ಒಯ್ದು ಮಡಿಕೆ ತಪ್ಪಿಸಿ ತಂದುಕೊಡುವವರು, "ಸುಮ್ನೆ ಹೀಗೇ ಬಂದೆ" ಎನ್ನುತ್ತಾ ಬಂದು ಎರಡು ಗಂಟೆ ಕೂರುವವರು, ಹೊಸ ಸೀರೆ ಕಂಡ ಕೂಡಲೇ ಸೆರಗು ಉಜ್ಜಿ ನೋಡುವವರು. ಎಲ್ಲಕ್ಕಿಂತ ಕೆಳಗೆ, ಊಟವಾದ ಮೇಲೆ ತಟ್ಟೆಯಲ್ಲೇ ಕೈ ತೊಳೆಯುವವರು. ಅಂಥವರ ಮನೆಯಲ್ಲಿ ಅವರು ನೀರು ಕೂಡ ಕುಡಿಯುತ್ತಿರಲಿಲ್ಲ.

ಇದನ್ನೆಲ್ಲ ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. ಪ್ರತಿ ಸಂಜೆ ಮನೆಯ ಮುಂದಿನ ಮೆಟ್ಟಿಲಿನ ಮೇಲೆ ಕಾಫಿ ಲೋಟ ಹಿಡಿದು ಕೂತು ಒಬ್ಬೊಬ್ಬರನ್ನಾಗಿ ಹೊರಗೆಳೆಯುತ್ತಿದ್ದರು. ಕೇಳುವವಳು ಪ್ರಭಾ. ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ, ಲೂನಾ ಓಡಿಸಿಕೊಂಡು ಬ್ಯಾಂಕಿಗೆ ಹೋಗುವ ಇಪ್ಪತ್ತಾರರ ಹುಡುಗಿ. ಬಂದ ಮೊದಲ ದಿನ ಅವಳು "ಆಂಟಿ" ಎಂದಿದ್ದಳು. "ನಾನು ನಿನಗೆ ಯಾವ ಸಂಬಂಧದಲ್ಲಿ ಆಂಟಿ?" ಎಂದು ಕೇಳಿಸಿಕೊಂಡ ಮೇಲೆ "ಮೇಡಂ" ಎನ್ನಲು ಶುರುಮಾಡಿದಳು. ಹೆದರಿ ಅಲ್ಲ. ಈ ಹೆಂಗಸಿನ ಬಾಯಿಂದ ಇನ್ನೂ ಏನೇನು ಬರುತ್ತದೋ ನೋಡೋಣ ಎಂಬ ಕುತೂಹಲ ಅವಳಿಗೆ.

ಎಂಬತ್ತಾರನೆಯ ಇಸವಿಯ ಜನವರಿ. ಬಡಾವಣೆಯ ವನಿತಾ ಸಮಾಜದ ವಾರ್ಷಿಕ ಊಟ ಹತ್ತಿರ ಬಂದಿತ್ತು. ಸಮಾಜದ ಅಧ್ಯಕ್ಷೆ ವೆಂಕಟಲಕ್ಷ್ಮಮ್ಮನವರ ಮನೆಯಲ್ಲಿ ಸಭೆ. ವೆಂಕಟಲಕ್ಷ್ಮಮ್ಮ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ, ಎಲ್ಲದಕ್ಕೂ "ಏನೋ ಒಂದು ಆಗತ್ತೆ ಬಿಡಿ" ಎನ್ನುವ ಹೆಂಗಸು. ಆ ಮಾತು ಕೇಳಿದರೆ ಪಂಕಜಾ ಅವರಿಗೆ ಮೈಯೆಲ್ಲ ಉರಿ.

"ಏನೋ ಒಂದು ಆಗಿದ್ದಕ್ಕೇ ಹೋದ ವರ್ಷ ಪುಳಿಯೋಗರೆ ಹಾಗಿತ್ತು," ಎಂದರು ಪಂಕಜಾ. "ತಿಂದು ನಮ್ಮನೆಯವರು ಮೂರು ದಿನ ತೇಗಿದ್ರು. ಅದಕ್ಕೂ ಹಿಂದಿನ ವರ್ಷ ಕೇಸರಿಬಾತು. ಚಮಚ ಚುಚ್ಚಿದ್ರೆ ಚಮಚ ನಿಂತ್ಕೋತಿತ್ತು. ಯಾರನ್ನ ಕೇಳಿದ್ರೂ ನಾನಲ್ಲ, ಅವರು. ಅವರನ್ನ ಕೇಳಿದ್ರೆ ಅಡುಗೆಯವನು. ಜವಾಬ್ದಾರಿ ಅನ್ನೋ ಪದ ಈ ಸಮಾಜದಲ್ಲಿ ಯಾರಿಗಾದ್ರೂ ಗೊತ್ತಾ?"

ಚಕ್ಕುಲಿ ಮುರಿಯುತ್ತಿದ್ದವರು ಸದ್ದಾಗದಂತೆ ಬಾಯಲ್ಲೇ ಇಟ್ಟುಕೊಂಡರು.

"ನೀವು ಹೇಳೋದು ಸರಿ," ಎಂದರು ವೆಂಕಟಲಕ್ಷ್ಮಮ್ಮ, ಒಂದು ಚೂರೂ ಬೇಸರವಿಲ್ಲದೆ. "ಈ ಸಲ ಊಟದ ಉಸ್ತುವಾರಿ ಪೂರ್ತಿ ನೀವೇ ನೋಡ್ಕೊಳಿ ಪಂಕಜಾ ಅವರೇ. ನಿಮ್ಮ ಮನೆ ಪಕ್ಕ ಸೈಟೂ ಖಾಲಿ ಇದೆ, ಶಾಮಿಯಾನ ಹಾಕಿಸಿದ್ರಾಯ್ತು."

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಲ್ಲಿ ಅಭಿಮಾನಕ್ಕಿಂತ ಸಂತೋಷ ಹೆಚ್ಚಿದ್ದದ್ದು ಪಂಕಜಾ ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಒಪ್ಪಿಕೊಂಡರು. ಊಟ ಹೇಗಿರಬೇಕೆಂದು ಈ ಜನಕ್ಕೆ ಒಮ್ಮೆಯಾದರೂ ತೋರಿಸಬೇಕಿತ್ತು.

ಆ ಸಂಜೆ ಮೆಟ್ಟಿಲ ಮೇಲೆ ಅಡುಗೆಯ ವಿಚಾರ ಬಂತು.

"ಬಿಸಿಬೇಳೆಬಾತ್, ಮೊಸರನ್ನ, ಹೆಸರುಬೇಳೆ ಪಾಯಸ, ಎರಡು ಥರ ಕೋಸಂಬರಿ. ಅಷ್ಟೇ. ಕಮ್ಮಿ ಮಾಡ್ಬೇಕು, ಸರಿಯಾಗಿ ಮಾಡ್ಬೇಕು," ಎಂದರು ಪಂಕಜಾ.

"ಬಿಸಿಬೇಳೆಬಾತ್‌ಗೆ ಈರುಳ್ಳಿ ಹಾಕಿಸ್ತೀರಾ ಮೇಡಂ?"

"ಈರುಳ್ಳಿ ಹಾಕಿದ್ರೆ ಅದು ಬಿಸಿಬೇಳೆಬಾತ್ ಅಲ್ಲ ಕಣೇ. ಸಾಂಬಾರನ್ನ. ಹೆಸರು ಬದಲಾಯಿಸ್ಕೊಂಡು ಓಡಾಡ್ತಿರೋ ಸಾಂಬಾರನ್ನ."

"ಆಲೂಗಡ್ಡೆ?"

"ಆಲೂಗಡ್ಡೆ ಹಾಕೋರು ಸೋಮಾರಿಗಳು. ಬೇರೆ ತರಕಾರಿ ಹೆಚ್ಚೋಕೆ ಬೇಜಾರು, ಅದಕ್ಕೆ ಒಂದು ಆಲೂಗಡ್ಡೆನ ನಾಲ್ಕು ಭಾಗ ಮಾಡಿ ಒಳಗೆ ಬಿಡ್ತಾರೆ."

"ನಮ್ಮ ಬ್ಯಾಂಕ್ ಪಕ್ಕದ ಹೋಟ್ಲಲ್ಲಿ ಮೇಲೆ ಖಾರಾಬೂಂದಿ ಉದುರಿಸಿ ಕೊಡ್ತಾರೆ. ಎಷ್ಟ್ ಚೆನ್ನಾಗಿರತ್ತೆ ಗೊತ್ತಾ?"

ಪಂಕಜಾ ಲೋಟ ಕೆಳಗಿಟ್ಟರು. "ಗೋಡೆ ಬಿರುಕು ಬಿಟ್ರೆ ಮೇಲೊಂದು ಕ್ಯಾಲೆಂಡರ್ ನೇತು ಹಾಕ್ತಾರೆ ನೋಡು, ಆ ಬೂಂದಿ ಅದೇ ಕೆಲ್ಸ ಮಾಡೋದು. ನಿಂಗೆ ಓದು ಹತ್ತಿದೆ, ನಾಲಿಗೆ ಹತ್ತಿಲ್ಲ."

"ನಂಗಂತೂ ಉಪ್ಪಿಟ್ಟಾದ್ರೂ ನಡೆಯತ್ತಪ್ಪ," ಎಂದು ಒಳಗಿನಿಂದ ಗಂಡ ಚಕ್ರಪಾಣಿಯ ದನಿ ಬಂತು. ಅವರು ಅಂಚೆ ಇಲಾಖೆಯಲ್ಲಿ ಇದ್ದವರು. ರೇಡಿಯೋ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು.

"ನಿಮಗೆ ಏನು ನಡೆಯಲ್ಲ ಹೇಳಿ!" ಪಂಕಜಾ ಕತ್ತು ತಿರುಗಿಸದೆಯೇ ಕೂಗಿದರು. ಆಮೇಲೆ ಪ್ರಭಾಳ ಕಡೆ ಬಾಗಿದರು. "ಇಪ್ಪತ್ತೆಂಟು ವರ್ಷದಲ್ಲಿ ಒಂದ್ ದಿನ ಉಪ್ಪು ಕಮ್ಮಿ ಅಂದಿಲ್ಲ ಈ ಮನುಷ್ಯ. ನಾಲಿಗೆ ಅಂತ ಒಂದು ಇರೋದು ಸ್ಟಾಂಪ್ ಒದ್ದೆ ಮಾಡೋಕೆ ಮಾತ್ರ."

ಪ್ರಭಾ ನಕ್ಕಳು. ಒಳಗೆ ಚಕ್ರಪಾಣಿಯೂ ನಕ್ಕಿದ್ದು ಕೇಳಿಸಿತು. ಹಾಗೆ ನಗುವುದೂ ಪಂಕಜಾ ಅವರಿಗೆ ಹಿಡಿಸುತ್ತಿರಲಿಲ್ಲ. ಬೈಸಿಕೊಂಡವರಿಗೆ ಒಂದಿಷ್ಟು ನಾಚಿಕೆ ಬೇಡವೇ?

ಅಡುಗೆಯವರನ್ನು ಗೊತ್ತು ಮಾಡಿದ್ದು ವೆಂಕಟಲಕ್ಷ್ಮಮ್ಮ. ಮಾರೇನಹಳ್ಳಿಯ ಸೋಮಲಿಂಗಪ್ಪ. ಗಂಡ ಹೆಂಡತಿ ಇಬ್ಬರೇ ಬಂದು ನೂರು ಜನಕ್ಕೆ ಅಡುಗೆ ಮಾಡಿಕೊಟ್ಟು ಹೋಗುವವರು. ಊಟದ ಹಿಂದಿನ ಗುರುವಾರ ಅವರು ಮಾತಾಡಲು ಬಂದಾಗ ಪಂಕಜಾ ಕುರ್ಚಿಯ ಮೇಲೆ ಕನ್ನಡಕ ಏರಿಸಿ ಕೂತಿದ್ದರು. ಸೋಮಲಿಂಗಪ್ಪ ಐವತ್ತು ದಾಟಿದ, ಹಣೆಯ ಮೇಲೆ ಮೂರು ಬೆರಳು ವಿಭೂತಿಯಿದ್ದ ಎತ್ತರದ ಆಳು. ಹೆಂಡತಿ ಶಿವನಂಜಮ್ಮ ಬಾಗಿಲ ಪಕ್ಕ ನಿಂತು ಅಡುಗೆಮನೆಯತ್ತಲೇ ನೋಡುತ್ತಿದ್ದಳು.

"ಎಷ್ಟು ವರ್ಷದಿಂದ ಅಡುಗೆ ಮಾಡ್ತಿದೀರಿ?"

"ಮೀಸೆ ಬರೋಕ್ ಮುಂಚಿಂದ ಅಮ್ಮಾ."

"ಅಷ್ಟು ವರ್ಷದಿಂದ ತಪ್ಪಾಗೇ ಮಾಡ್ಕೊಂಡು ಬಂದಿರಬಹುದು, ಅಲ್ವಾ?"

"ಇರಬೌದು ಅಮ್ಮಾ," ಎಂದರು ಸೋಮಲಿಂಗಪ್ಪ.

ಈ ಉತ್ತರಕ್ಕೆ ಪಂಕಜಾ ಸಿದ್ಧರಿರಲಿಲ್ಲ. ಎರಡು ಪುಟ ತುಂಬ ಬರೆದಿಟ್ಟಿದ್ದ ಸೂಚನೆಗಳನ್ನು ಮುಂದೆ ಚಾಚಿದರು. ಪುಡಿ ಪಂಕಜಾ ಅವರೇ ಹುರಿದು ಕುಟ್ಟಿಸಿದ್ದು ಮಾತ್ರ. ಹುಣಸೆಹಣ್ಣು ಹಳೆಯದು. ಚಕ್ಕೆ ಇಷ್ಟೇ, ಮೊಗ್ಗು ಇಷ್ಟೇ. ಸೋಮಲಿಂಗಪ್ಪ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದರು.

"ಓದೋಕೆ ಬರತ್ತಾ?"

"ಬರತ್ತೆ ಅಮ್ಮಾ. ನಿಮ್ಮ ಅಕ್ಷರ ಸ್ವಲ್ಪ ಕಷ್ಟ."

ಒಳಗೆಲ್ಲೋ ಚಕ್ರಪಾಣಿ ಕೆಮ್ಮಿದರು.

ಏಳುವಾಗ ಸೋಮಲಿಂಗಪ್ಪ ಒಂದು ಮಾತು ಹೇಳಿದರು. "ನೀವ್ ಹೇಳ್ದಂಗೇ ಮಾಡ್ತೀವಿ. ಅನ್ನ ಬೇಳೆ ಕೂಡಿಸಿದ ಮೇಲೆ ಮಾತ್ರ ಒಬ್ರು ಒಲೆ ಬಿಟ್ಟು ಅಲ್ಲಾಡಬಾರ್ದು. ಸೌದೆ ಬೆಂಕಿ ಅಮ್ಮಾ, ಗ್ಯಾಸ್ ಥರ ತಿರುವಿದ್ರೆ ಇಳಿಯಲ್ಲ. ನಾನಿಲ್ದಿದ್ರೆ ನಮ್ಮನೆಯವಳು ಇರ್ತಾಳೆ."

"ಗೊತ್ತು, ಗೊತ್ತು," ಎಂದರು ಪಂಕಜಾ. ಅವರು ಹೋದ ಮೇಲೆ ಪ್ರಭಾಗೆ, "ನೋಡಿದ್ಯಾ, ಬೆಂಕಿ ಬಿಸಿ ಇರತ್ತೆ ಅಂತ ನಂಗೆ ಪಾಠ ಹೇಳಿ ಹೋದ," ಎಂದರು.

ಭಾನುವಾರ ಬೆಳಗ್ಗೆ ಎಂಟಕ್ಕೇ ಖಾಲಿ ಸೈಟಿನಲ್ಲಿ ಇಟ್ಟಿಗೆ ಒಲೆ ಹೊತ್ತಿತು. ಹನ್ನೊಂದೂವರೆಯ ಹೊತ್ತಿಗೆ ಪಾಯಸ ಇಳಿದಿತ್ತು, ಮೊಸರನ್ನ ಕಲಸಿ ಮುಚ್ಚಿಟ್ಟಾಗಿತ್ತು, ದೊಡ್ಡ ಕೊಪ್ಪರಿಗೆಯಲ್ಲಿ ಬಿಸಿಬೇಳೆಬಾತ್ ಕುದಿಯುತ್ತಿತ್ತು. ಪರಿಮಳ ಎದುರುಸಾಲಿನ ಮನೆಗಳ ಕಿಟಕಿ ತೆಗೆಸಿತ್ತು. ಪಂಕಜಾ ಒಂದು ಬಟ್ಟಲಿಗೆ ಹಾಕಿಸಿಕೊಂಡು ರುಚಿ ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಮತ್ತೆ ನೋಡಿದರು. ಸಿಗಲಿಲ್ಲ. ಕೊನೆಗೆ ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಇದು ತುಪ್ಪಾನಾ? ಇದನ್ನ ದೀಪಕ್ಕೂ ಹಾಕಬಾರ್ದು. ಸೋಮಲಿಂಗಪ್ಪ, ನೀವು ಸೈಕಲ್ ತಗೊಂಡು ಹೋಗಿ ಬೇರೆ ತುಪ್ಪ ತನ್ನಿ. ನೀವೇ ಹೋಗಿ. ಮೂಸಿ ತರೋಕೆ ಗೊತ್ತಿರೋರು ಹೋಗ್ಬೇಕು."

ಸೋಮಲಿಂಗಪ್ಪ ಹೆಂಡತಿಯ ಕೈಗೆ ಸೌಟು ಕೊಟ್ಟು ಹೋದರು. ಐದು ನಿಮಿಷಕ್ಕೆ ಪಂಕಜಾ ಅವರ ಕಣ್ಣು ಶಾಮಿಯಾನದ ಕಡೆ ಹೋಯಿತು. ಸಮಾಜದ ಮೂವರು ಸದಸ್ಯೆಯರು ಬಾಳೆಲೆ ಒರೆಸುತ್ತಿದ್ದರು. ಒರೆಸುತ್ತಿದ್ದ ಬಟ್ಟೆಯಲ್ಲೇ ಬೆವರನ್ನೂ ಒರೆಸಿಕೊಳ್ಳುತ್ತಿದ್ದರು.

"ಶಿವನಂಜಮ್ಮ, ನೀನು ಹೋಗಿ ಆ ಎಲೆ ಎಲ್ಲ ಮತ್ತೆ ತೊಳಿ. ಇವರ ಕೈಲಿ ಆಗಲ್ಲ."

"ಒಲೆ ಅಮ್ಮಾ…"

"ನಾನ್ ಇದೀನಲ್ಲ."

"ತಳ ಮುಟ್ಟೋ ಹಂಗೆ ಕೈ ಆಡಿಸ್ತಾನೇ ಇರ್ಬೇಕು ಅಮ್ಮಾ."

"ಶಾಖ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಇಪ್ಪತ್ತಾರು ವರ್ಷದಿಂದ ನಾನೇ ಮಕ್ಕಳಿಗೆ ಹೇಳ್ಕೊಡ್ತಿದೀನಿ. ಹೋಗಮ್ಮ."

ಶಿವನಂಜಮ್ಮ ಒಲ್ಲದ ಮನಸ್ಸಿನಿಂದ ಸೌಟು ಕೊಟ್ಟು ಹೋದಳು. ಪಂಕಜಾ ನಾಲ್ಕು ಸಲ ಕೈಯಾಡಿಸಿದರು. ಐದನೆಯ ಸಲ ಆಡಿಸುವ ಹೊತ್ತಿಗೆ ಗೇಟಿನ ಬಳಿ ಸ್ಕೂಟರಿನ ಸದ್ದಾಯಿತು.

ಬಂದದ್ದು ನಾಣಿ. ಚಕ್ರಪಾಣಿಯ ಹಳೆಯ ಸಹೋದ್ಯೋಗಿ, ಒಂಟಿ ಮನುಷ್ಯ. ಬಡಾವಣೆಯಲ್ಲಿ ಎಲ್ಲಿ ಎಲೆ ಹಾಕಿದರೂ ಅಲ್ಲಿ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹಾಜರಾಗುವವರು. ಅದು ಸಾಲದೆಂಬಂತೆ ಸ್ಕೂಟರನ್ನು ಸರಿಯಾಗಿ ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಟೋಪಿ ಇಟ್ಟರು. ಪಂಕಜಾ ಅವರಿಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಗೇಟಿನತ್ತ ನಡೆದರು.

"ನಾಣಿ ಅವರೇ, ಇದಕ್ಕೆ ಏನಂತಾರೆ?"

"ಗೇಟು," ಎಂದರು ನಾಣಿ.

"ಯಾಕಿರತ್ತೆ?"

"ದನ ಬರಬಾರ್ದು ಅಂತ."

"ಮನುಷ್ಯರು ಬರಲಿ ಅಂತ! ಹೀಗೆ ಅಡ್ಡ ನಿಲ್ಲಿಸಿದ್ರೆ ಎಂಬತ್ತು ಜನ ಎಲ್ಲಿಂದ ಬರ್ಬೇಕು? ಅದಿರಲಿ, ಊಟ ಒಂದು ಗಂಟೆಗೆ. ಈಗ ಹನ್ನೆರಡು."

"ಸಹಾಯಕ್ಕೆ ಬಂದೆ."

"ಹೋದ ವರ್ಷಾನೂ ಸಹಾಯಕ್ಕೆ ಬಂದಿದ್ರಿ. ಗೋಡಂಬಿ ಡಬ್ಬಿ ಪಕ್ಕ ಕೂತಿದ್ರಿ. ಪಾಯಸಕ್ಕೆ ಗೋಡಂಬೀನೇ ಇರ್ಲಿಲ್ಲ."

ಶಾಮಿಯಾನದ ಕೆಳಗಿದ್ದ ಹೆಂಗಸರು ಎಲೆ ಬಿಟ್ಟು ಇತ್ತ ತಿರುಗಿದರು. ಪ್ರಭಾ ಲೋಟದ ರಾಶಿ ಹೊತ್ತು ಬರುತ್ತಿದ್ದವಳು ಅಲ್ಲೇ ನಿಂತಳು. ಕೇಳುವವರಿದ್ದಾರೆಂದರೆ ಪಂಕಜಾ ಅವರ ದನಿಗೆ ಒಂದು ತೂಕ ಬರುತ್ತಿತ್ತು.

ನಾಣಿಗೂ ಸುಮ್ಮನಿರುವ ಅಭ್ಯಾಸವಿರಲಿಲ್ಲ. "ನೋಡಿ ಮೇಡಂ, ನಂಗೂ ಕೆಲವು ಜನ ಕಂಡ್ರೆ ಆಗಲ್ಲ. ಊಟಕ್ಕೆ ಕರೆದು ಗಡಿಯಾರ ತೋರಿಸೋರು. ಕಾಫಿ ಕೊಡ್ಲಾ ಅಂತ ಕೇಳೋರು. ಕೊಡೋ ಹಾಗಿದ್ರೆ ಕೊಡ್ಬೇಕು, ಕೇಳೋದ್ ಯಾಕೆ? ಆಮೇಲೆ ಬಿಸಿಬೇಳೆಬಾತ್‌ಗೆ ಈರುಳ್ಳಿ ಹಾಕ್ದೇ ಇರೋರು. ವಾಸನೇಲೇ ಗೊತ್ತಾಯ್ತು ನಂಗೆ, ಇವತ್ತು ಈರುಳ್ಳಿ ಇಲ್ಲ."

"ಇಲ್ಲ. ಇರೋದೂ ಇಲ್ಲ."

"ನಮ್ಮ ತಾಯಿ ಹಾಕ್ತಿದ್ರು."

"ತಾಯಿಯವರನ್ನ ತಂದು ವಾದ ಗೆಲ್ಲೋಕೆ ನೋಡ್ಬೇಡಿ. ತಾಯಿ ಹಾಕ್ತಿದ್ರು ಅನ್ನೋದು ರುಚಿಯ ವಿಷಯ ಅಲ್ಲ, ಅಭ್ಯಾಸದ ವಿಷಯ. ನಿಮ್ಮ ತಾಯಿ ಸೀಮೆಎಣ್ಣೆ ಹಾಕಿದ್ರೂ ನೀವು ಚೆನ್ನಾಗಿದೆ ಅಂತಾನೇ ತಿಂತಿದ್ರಿ."

"ನೋಡಿದ್ರಾ ಚಕ್ರಪಾಣಿ!" ಎಂದು ನಾಣಿ ಜಗಲಿಯಲ್ಲಿದ್ದ ಸ್ನೇಹಿತನನ್ನು ಕೂಗಿದರು. "ನಮ್ಮ ತಾಯಿಗೆ ಅಂತಾರೆ."

"ನಂಗ್ಯಾಕ್ ಹೇಳ್ತೀಯ," ಎಂದರು ಚಕ್ರಪಾಣಿ. "ನಮ್ಮ ತಾಯಿಗೆ ಅಂದಿದ್ದು ಕೇಳಿದ್ರೆ ನಿಂಗೆ ಸಮಾಧಾನ ಆಗತ್ತೆ."

ಎಲ್ಲರೂ ನಕ್ಕರು. ಪಂಕಜಾ ಈಗ ಪೂರ್ತಿ ಏರಿದ್ದರು. ಈರುಳ್ಳಿಯಿಂದ ಉಪ್ಪಿಟ್ಟಿಗೆ ಹೋದರು. ಉಪ್ಪಿಟ್ಟಿನಿಂದ, ಅದರೊಳಗಿನ ಕರಿಬೇವನ್ನು ಆರಿಸಿ ಮೇಜಿನ ಮೇಲೆ ಅಂಟಿಸುವವರಿಗೆ ಹೋದರು. ಕಾಫಿಯನ್ನು ಊದಿ ಊದಿ ಕುಡಿಯುವವರು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಡಲೆಕಾಯಿ ಸಿಪ್ಪೆಯನ್ನು ಒಳಗೆ ಹಾಕುವವರು, ಸಾಲ ಪಡೆದ ಛತ್ರಿಯನ್ನು ಮಳೆಗಾಲ ಮುಗಿದ ಮೇಲೆ ತಂದುಕೊಡುವವರು. ಸೌಟಿನಿಂದಲೇ ಒಬ್ಬೊಬ್ಬರನ್ನೂ ಗಾಳಿಯಲ್ಲಿ ತೋರಿಸುತ್ತ ಹೋದರು. ಹದಿನೈದು ನಿಮಿಷವಾಯಿತೋ, ಇಪ್ಪತ್ತೋ.

"ಮೂಲ ಏನು ಗೊತ್ತಾ?" ಎಂದರು ಕೊನೆಗೆ. "ಈ ದೇಶದಲ್ಲಿ ಯಾರಿಗೂ ತಾನು ವಹಿಸ್ಕೊಂಡ ಕೆಲಸ ತನ್ನದು ಅನ್ಸಲ್ಲ. ಒಪ್ಕೋತಾರೆ, ಎದ್ದು ಹೋಗ್ತಾರೆ. ಇಲ್ನೋಡಿ, ಈಗಲೂ ಯಾರದೋ ಮನೇಲಿ ಏನೋ ಸೀಯ್ತಿದೆ. ಬರ್ತಿದೆ ಅಲ್ವಾ ವಾಸನೆ? ಒಲೆ ಮೇಲೆ ಇಟ್ಟು ಯಾರೋ ಮಹಾತಾಯಿ ಬಾಗಿಲಲ್ಲಿ ಹರಟೆ ಹೊಡೀತಾ ನಿಂತಿರ್ತಾಳೆ."

ಪ್ರಭಾ ಮೂಗರಳಿಸಿ ನೋಡಿದಳು. ಅವಳ ಕಣ್ಣು ಮೇಡಂ ಕೈಯಲ್ಲಿದ್ದ ಸೌಟಿನ ಮೇಲೆ ನಿಂತಿತು.

"ಮೇಡಂ," ಎಂದು ಕಿವಿಯ ಬಳಿ ಬಂದು ಪಿಸುಗುಟ್ಟಿದಳು. "ಆ ಮಹಾತಾಯಿ ನೀವೇ ಅನ್ಸತ್ತೆ."

ಪಂಕಜಾ ಓಡಿದರು. ಶಿವನಂಜಮ್ಮ ಇನ್ನೊಂದು ಕಡೆಯಿಂದ ಒದ್ದೆ ಕೈಯಲ್ಲೇ ಓಡಿಬಂದು ಸೌದೆ ಎಳೆದು ನೀರು ಚಿಮುಕಿಸಿದಳು. ತಳದಿಂದ ದಪ್ಪನೆಯ ಹೊಗೆ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತಿತ್ತು. ಅದೇ ಹೊತ್ತಿಗೆ ಸೋಮಲಿಂಗಪ್ಪ ತುಪ್ಪದ ಡಬ್ಬಿ ಹಿಡಿದು ಬಂದರು. ಹೆಂಡತಿಯ ಮುಖ ನೋಡಿದರು, ಪಂಕಜಾ ಅವರ ಕೈಯ ಸೌಟು ನೋಡಿದರು. ತಳಕ್ಕೆ ತಾಗದಂತೆ ಮೇಲ್ಮೇಲಿನದನ್ನು ಬೇರೆ ಪಾತ್ರೆಗೆ ತುಂಬಿಸಿದರು, ತುಪ್ಪ ಹೊಯ್ದರು, ಗೋಡಂಬಿ ಒಗ್ಗರಣೆ ಕೊಟ್ಟರು. ಆದರೆ ಸೀದ ವಾಸನೆ ಅನ್ನದ ಅಗುಳಗುಳಿಗೂ ಇಳಿದಿತ್ತು.

"ಹೊಸದಾಗಿ ಮಾಡೋಕೆ ಆಗಲ್ವಾ?" ಎಂದು ಪಂಕಜಾ ಮೆಲ್ಲಗೆ ಕೇಳಿದರು.

"ಬೇಳೆ ಬೇಯಕ್ಕೇ ಒಂದು ಗಂಟೆ ಬೇಕು ಅಮ್ಮಾ. ಜನ ಬಂದ್ಬಿಟ್ರು."

ಜನ ಬಂದಿದ್ದರು. ನಾಣಿಯ ಸ್ಕೂಟರನ್ನು ಸುತ್ತು ಹಾಕಿಕೊಂಡು ಒಬ್ಬೊಬ್ಬರೇ ಒಳಗೆ ನುಗ್ಗುತ್ತಿದ್ದರು. ಮೊದಲ ಪಂಕ್ತಿಗೆ ಎಲೆ ಬಿತ್ತು, ಬಿಸಿಬೇಳೆಬಾತ್ ಬಿತ್ತು. ಮೊದಲ ತುತ್ತಿಗೇ ಕೈಗಳು ಎಲೆಯ ಮೇಲೆ ನಿಧಾನವಾದವು. ವೆಂಕಟಲಕ್ಷ್ಮಮ್ಮ ತಲೆಯೆತ್ತಿದರು.

"ಪಂಕಜಾ ಅವರೇ, ಸ್ವಲ್ಪ ಸೀದಂಗಿದೆ ಅಲ್ವಾ?"

ಪಂಕಜಾ ಬಾಯಿ ತೆರೆದರು. ಹೇಳಬೇಕಾದ ಮಾತು ಗೊತ್ತಿತ್ತು, ಚಿಕ್ಕ ಮಾತು. ಆದರೆ ಸುತ್ತ ನೋಡಿದರೆ ಚಕ್ಕುಲಿ ಮುರಿದವರು, ಚಪ್ಪಾಳೆ ತಟ್ಟಿದವರು, ಬೆವರು ಒರೆಸಿದವರು, ಎಲ್ಲರ ಮುಖವೂ ಇತ್ತಲೇ ತಿರುಗಿತ್ತು. ಇಂಥವರ ಮುಂದೆಯೇ!

"ಸೌದೆ ಬೆಂಕಿ ನೋಡಿ," ಎಂದರು. "ಹೇಳಿದ ಹಾಗೆ ಕೇಳಲ್ಲ."

ಸೋಮಲಿಂಗಪ್ಪನ ಮಾತನ್ನೇ ಎತ್ತಿಕೊಂಡಿದ್ದೇನೆಂದು ಹೇಳಿದ ಮೇಲೆ ಹೊಳೆಯಿತು. ಸೋಮಲಿಂಗಪ್ಪ ಐದಡಿ ದೂರದಲ್ಲಿ ಬಾಗಿ ನಾಣಿಯ ಎಲೆಗೆ ಕೋಸಂಬರಿ ಬಡಿಸುತ್ತಿದ್ದರು. ಕೈ ಒಂದು ಕ್ಷಣ ನಿಂತು ಮುಂದಿನ ಎಲೆಗೆ ಹೋಯಿತು.

"ಬೆಂಕಿಗೇನ್ ಗೊತ್ತಾಗತ್ತೆ ಮೇಡಂ," ಎಂದರು, ಒಲೆ ಯಾರ ವಶದಲ್ಲಿತ್ತೆಂದು ತಿಳಿಯದ ನಾಣಿ, ಎಲ್ಲರಿಗೂ ಕೇಳುವಂತೆ. "ಪಕ್ಕದಲ್ಲಿ ಇರೋರಿಗೆ ಗೊತ್ತಾಗ್ಬೇಕು. ಏನ್ರೀ ಅಡುಗೆಯವರೇ, ನಿದ್ದೆ ಮಾಡ್ತಿದ್ರಾ?"

"ಇಂಥವರನ್ನ ಎಲ್ಲಿಂದ ಹಿಡ್ಕೊಂಡ್ ಬರ್ತಾರೋ," ಎಂದಿತು ಇನ್ನೊಂದು ದನಿ.

"ಕೈಗೆ ಕಾಸು ಬಿದ್ರೆ ಸಾಕು. ಕೆಲಸ ತನ್ನದು ಅನ್ಸಲ್ಲ ಈ ಜನಕ್ಕೆ."

"ಜವಾಬ್ದಾರಿ ಅನ್ನೋದೇ ಇಲ್ಲ."

"ಹೋಗ್ಲಿ ಬಿಡಿ ಸೋಮಲಿಂಗಪ್ಪ," ಎಂದರು ವೆಂಕಟಲಕ್ಷ್ಮಮ್ಮ ಮಮತೆಯಿಂದ. "ಒಂದೊಂದ್ ಸಲ ಆಗತ್ತೆ."

ಸೋಮಲಿಂಗಪ್ಪ "ಹೂಂ ಅಮ್ಮಾ" ಎಂದು ಪಾಯಸಕ್ಕೆ ತಿರುಗಿದರು. ಶಿವನಂಜಮ್ಮ ಮಾತ್ರ ಒಲೆಯ ಬಳಿ ನಿಂತು ನೇರವಾಗಿ ಪಂಕಜಾ ಅವರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟೇನೂ ಇರಲಿಲ್ಲ. ಪಾಠ ಒಪ್ಪಿಸಲು ಬಾರದ ಹುಡುಗಿಯನ್ನು ಪಂಕಜಾ ಎಷ್ಟೋ ಸಲ ಹಾಗೆ ನೋಡಿದ್ದುಂಟು. ಇದರಿಂದ ಇಷ್ಟೇ ಆಗುವುದು ಎಂದು ಗೊತ್ತಿರುವವರ ನೋಟ.

ಪಂಕಜಾ ಕೋಸಂಬರಿಯ ಬೋಗುಣಿ ಎತ್ತಿಕೊಂಡು ಸಾಲಿನಲ್ಲಿ ನಡೆದರು. ಹೋದಲ್ಲೆಲ್ಲ ಅದೇ ಮಾತು. ಅಡುಗೆಯವರ ಬಗ್ಗೆ, ಈಗಿನ ಕಾಲದ ಬಗ್ಗೆ, ಕೆಲಸಗಳ್ಳರ ಬಗ್ಗೆ. ಒಂದೊಂದು ಮಾತೂ ಅವರದೇ ಮೆಟ್ಟಿಲಿಂದ ಇಳಿದು ಬಂದಂತಿತ್ತು. ಆದರೆ ಈ ಜನರ ಬಾಯಲ್ಲಿ ಎಷ್ಟು ಒಡಕಾಗಿ, ಎಷ್ಟು ಪೆದ್ದಾಗಿ ಕೇಳುತ್ತಿತ್ತು! ಏನೂ ನೋಡದೆ, ಏನೂ ಕೇಳದೆ, ಎಲೆ ಮುಂದೆ ಕೂತು ತೀರ್ಪು ಕೊಡುವ ಇವರನ್ನು ನೋಡಿ ಅವರಿಗೆ ಹೇಸಿಗೆಯಾಯಿತು. ಆ ಹೇಸಿಗೆ ಅಲ್ಲಿಗೇ ನಿಲ್ಲಲಿಲ್ಲ. ಬೋಗುಣಿ ಹಿಡಿದ ಅವರ ಕೈಯವರೆಗೂ ಬಂತು.

ಮೊದಲ ಪಂಕ್ತಿ ಎದ್ದಿತು. ಎಲೆಗಳ ಮೇಲೆ ಬಿಸಿಬೇಳೆಬಾತ್ ಗುಡ್ಡೆಗುಡ್ಡೆಯಾಗಿ ಹಾಗೇ ಉಳಿದಿತ್ತು. ಎರಡನೆಯ ಪಂಕ್ತಿ ಕೂತಿತು. ಕೈ ತೊಳೆದು ಬಂದ ಮೊದಲನೆಯವರು ಅಡಿಕೆಪುಡಿ ಹಾಕಿಕೊಳ್ಳುತ್ತ ಸುತ್ತ ನಿಂತಿದ್ದರು. ಪಂಕಜಾ ಬೋಗುಣಿ ಕೆಳಗಿಟ್ಟು ಸಾಲುಗಳ ನಡುವೆ ಬಂದು ನಿಂತರು. ಕ್ಲಾಸಿನ ದನಿ ತಾನಾಗಿ ಬಂತು.

"ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ. ಬಿಸಿಬೇಳೆಬಾತ್ ಸೀದಿದೆ. ಸೀಯಿಸಿದ್ದು ನಾನು. ತುಪ್ಪಕ್ಕೆ ಇವರನ್ನ ಕಳಿಸಿದ್ದು ನಾನು, ಎಲೆ ತೊಳೆಯೋಕೆ ಅವರನ್ನ ಕಳಿಸಿದ್ದೂ ನಾನು. ಒಲೆ ನೋಡ್ಕೋತೀನಿ ಅಂದು ಗೇಟಲ್ಲಿ ನಿಂತು ಹರಟೆ ಹೊಡೀತಿದ್ದೆ. ಇಷ್ಟು ಹೊತ್ತು ನೀವೆಲ್ಲ ಅಡುಗೆಯವರನ್ನ ಅಂದ್ರಿ, ನಾನು ಕೇಳಿಸ್ಕೊಂಡು ಸುಮ್ನಿದ್ದೆ. ನೀವ್ ಯಾರೂ ಏನಾಯ್ತು ಅಂತ ಕೇಳಲಿಲ್ಲ. ಕೇಳದೇ ಬೈದ್ರಿ. ಅದು ನಿಮ್ಮ ಯೋಗ್ಯತೆ. ಸುಮ್ನಿದ್ದಿದ್ದು ನನ್ನ ಯೋಗ್ಯತೆ. ಇನ್ನು ಊಟ ಮಾಡಿ."

ಕ್ಷಮೆ ಕೇಳಿದರೋ, ಬೈದರೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನಾಣಿ ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ಸೆಕೆಂಡ್ ಪಂಕ್ತಿಗೆ ನೇರ ಮೊಸರನ್ನ ಹಾಕ್ಸಿ ಮೇಡಂ. ನಾನೂ ಇನ್ನೊಂದ್ ಸಲ ಕೂತ್ಕೋತೀನಿ. ಹೊಟ್ಟೆ ಖಾಲಿ ಇದೆ."

ಚಕ್ರಪಾಣಿ ಎದ್ದು ಬಂದು ತಾವೇ ಮೊಸರನ್ನದ ಪಾತ್ರೆ ಎತ್ತಿದರು. ಮೊದಲ ಪಂಕ್ತಿಯಲ್ಲಿ ಅವರ ಎಲೆಯ ಮೇಲೆ ಮಾತ್ರ ಬಿಸಿಬೇಳೆಬಾತ್ ಒಂದಗುಳೂ ಉಳಿದಿರಲಿಲ್ಲವೆಂದು ಪಂಕಜಾ ಅವರಿಗೆ ಆಗ ನೆನಪಾಯಿತು.

ಮೂರೂವರೆಗೆ ಎಲ್ಲರೂ ಹೋದರು. ಸೋಮಲಿಂಗಪ್ಪ ಸೌಟು, ಜರಡಿ, ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ಕೊಪ್ಪರಿಗೆಯೊಂದು ಉಳಿದಿತ್ತು. ತಳದಲ್ಲಿ ಬೆರಳು ದಪ್ಪ ಕರಿ. ಶಿವನಂಜಮ್ಮ ಸೆರಗು ಸಿಕ್ಕಿಸಿ ಅದರ ಮುಂದೆ ಕೂರಲು ಹೋದಾಗ ಪಂಕಜಾ ಬಂದು ಕೊಪ್ಪರಿಗೆ ಎಳೆದುಕೊಂಡರು.

"ನಾನು ತಿಕ್ತೀನಿ."

"ನಿಮಗೆ ಬರಲ್ಲ ಬಿಡಿ ಅಮ್ಮಾ," ಎಂದಳು ಶಿವನಂಜಮ್ಮ. ಮರ್ಯಾದೆಗೆ ಹೇಳಿದ್ದಲ್ಲ, ನಿಜವಾಗಿಯೂ ಬರುವುದಿಲ್ಲವೆಂದೇ ಹೇಳಿದ್ದು.

ಪಂಕಜಾ ಬೂದಿ, ತೆಂಗಿನ ನಾರು ತಂದು ಕೂತರು. ಪ್ರಭಾ ಅಡುಗೆಯವರಿಬ್ಬರಿಗೂ ಕಾಫಿ ತಂದುಕೊಟ್ಟಳು. ಅವರು ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಕುಡಿಯತೊಡಗಿದರು. ನೆಲದಲ್ಲಿ ಕೂತು ಪಾತ್ರೆ ತಿಕ್ಕುವ ಮನೆಯೊಡತಿಯನ್ನು ನೋಡುತ್ತ ಕಾಫಿ ಕುಡಿಯಲು ಅವರಿಗೆ ಸಂಕೋಚವೇನೂ ಆದಂತೆ ಕಾಣಲಿಲ್ಲ.

"ಚಿಕೋರಿ ಜಾಸ್ತಿ," ಎಂದರು ಸೋಮಲಿಂಗಪ್ಪ ಒಂದು ಗುಟುಕಿನ ಮೇಲೆ.

ಪಂಕಜಾ ತಲೆ ಎತ್ತಿದರು. ಈ ಮನೆಯ ಕಾಫಿಗೆ ಇಂದಿನವರೆಗೆ ಯಾರೂ ಹಾಗೆ ಅಂದಿರಲಿಲ್ಲ. "ಅರ್ಧಕ್ಕರ್ಧ ಹಾಕಿಸ್ತೀನಿ," ಎಂದರು.

"ಅದೇ ಜಾಸ್ತಿ ಅಂದಿದ್ದು."

"ಅಂಚು ಬಿಟ್ರಿ ಅಮ್ಮಾ," ಎಂದಳು ಶಿವನಂಜಮ್ಮ. "ಬಲಗಡೆ."

ಪಂಕಜಾ ಬಲಗಡೆ ತಿಕ್ಕಿದರು. "ನಿಮಗೆ ಯಾರನ್ನ ಕಂಡ್ರೆ ಆಗಲ್ಲ?" ಎಂದು ಇದ್ದಕ್ಕಿದ್ದಂತೆ ಕೇಳಿದರು. "ಅಡುಗೆಗೆ ಹೋದ ಕಡೆ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಶಿವನಂಜಮ್ಮನೇ ಶುರುಮಾಡಿದಳು. "ಹಿಂದೆ ನಿಂತು ಇಣುಕೋರು. ಚೆನ್ನಾಗಿದ್ರೆ ನಾವ್ ಹೇಳ್ಕೊಟ್ಟಿದ್ದು ಅನ್ನೋರು. ಚೀಟಿ ಬರ್ಕೊಡೋರು."

"ಚೀಟಿ ಬರ್ಕೊಡೋರು," ಎಂದು ಸೋಮಲಿಂಗಪ್ಪನೂ ತಲೆಯಾಡಿಸಿದರು. "ಆಮೇಲೆ ಈರುಳ್ಳಿ ಬೇಡ ಅನ್ನೋರು."

"ನಿಮಗೂ ಈರುಳ್ಳಿ ಬೇಕಾ?" ಪಂಕಜಾ ನಾರು ನಿಲ್ಲಿಸಿದರು.

"ಈರುಳ್ಳಿ ಇಲ್ದೆ ಅದೇನ್ ಬಿಸಿಬೇಳೆಬಾತ್ ಅಮ್ಮಾ. ದೇವಸ್ಥಾನದ್ ಪ್ರಸಾದ."

ಪ್ರಭಾ ಸೆರಗು ಬಾಯಿಗೆ ಇಟ್ಟುಕೊಂಡಳು. ಪಂಕಜಾ ಅವರ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡು ತಿಕ್ಕಿದರು. ಸುಮಾರು ಹೊತ್ತಾದ ಮೇಲೆ ಕರಿಯ ಕೆಳಗಿನ ಕಲಾಯಿ ಅಲ್ಲಲ್ಲಿ ಕಾಣತೊಡಗಿತು.

"ಮುಂದಿನ ವರ್ಷವೂ ನೀವೇ ಬರ್ಬೇಕು," ಎಂದರು. "ಚೀಟಿ ಬರೆಯಲ್ಲ."

ಸೋಮಲಿಂಗಪ್ಪ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲಿಟ್ಟರು.

"ಇಲ್ಲ ಅಮ್ಮಾ. ಬೇರೆಯೋರನ್ನ ನೋಡ್ಕೊಳಿ."

"ನಾನು ಎಲ್ಲರ ಮುಂದೆ ಹೇಳಿದ್ನಲ್ಲ. ನನ್ನದೇ ತಪ್ಪು ಅಂತ."

"ಹೇಳಿದ್ರಿ. ಸೀದಿದ್ದಕ್ಕಲ್ಲ ಅಮ್ಮಾ, ಅದು ಯಾರ ಕೈಲೂ ಆಗತ್ತೆ. ಎರಡನೇ ಪಂಕ್ತೀಲಿ ಹೇಳಿದ್ರಿ. ಮೊದಲ್ನೇ ಪಂಕ್ತಿ ಪೂರ್ತಿ ನಾವು ಬೈಸ್ಕೊಂಡು ಬಡಿಸಿದ್ವಿ. ಆಗ ನೀವು ಪಕ್ಕದಲ್ಲೇ ಕೋಸಂಬರಿ ಹಾಕ್ತಿದ್ರಿ."

ಪಂಕಜಾ ನಾರನ್ನು ಬೂದಿಯ ಮೇಲೆ ಹಾಕಿ ಪಕ್ಕಕ್ಕೆ ಸರಿದರು.

ಸೋಮಲಿಂಗಪ್ಪ ಕೊಪ್ಪರಿಗೆಯನ್ನು ಎತ್ತಿ ಒಳಗೆ ಇಣುಕಿದರು. ಬೆರಳಿನಿಂದ ಒಂದು ಕಡೆ ಕೆರೆದು ನೋಡಿದರು. "ಪರವಾಗಿಲ್ಲ," ಎಂದು ಹೆಂಡತಿಗೆ ಹೇಳಿದರು. "ಮನೇಲಿ ಇನ್ನೊಂದ್ ಸಲ ತಿಕ್ಕಿದ್ರಾಯ್ತು." ಗೋಣಿಯನ್ನೂ ಕೊಪ್ಪರಿಗೆಯನ್ನೂ ಸೈಕಲ್ಲಿನ ಹಿಂದೆ ಹಗ್ಗದಿಂದ ಬಿಗಿದರು. ಇಬ್ಬರೂ ಸೈಕಲ್ ತಳ್ಳಿಕೊಂಡು ಮಾರೇನಹಳ್ಳಿಯ ಕಡೆ ಹೊರಟರು. ತಿರುವಿನಲ್ಲಿ ಶಿವನಂಜಮ್ಮ ಏನೋ ಹೇಳಿದಳು. ಸೋಮಲಿಂಗಪ್ಪ ಸೈಕಲ್ ನಿಲ್ಲಿಸಿ ನಕ್ಕದ್ದು ಇಲ್ಲಿಗೇ ಕಾಣಿಸಿತು.

"ನಿಮ್ಮನ್ನೇ ಆಡ್ಕೋತಿದಾರೆ ಮೇಡಂ," ಎಂದಳು ಪ್ರಭಾ.

"ಆಡ್ಕೊಳ್ಳಲಿ ಬಿಡೆ," ಎಂದರು ಪಂಕಜಾ. ಕೈ ಮೊಣಕೈವರೆಗೂ ಕಪ್ಪಾಗಿತ್ತು. ಉಗುರಿನ ಸಂದಿಯ ಮಸಿಯನ್ನು ಕೆರೆಯುತ್ತ ನಲ್ಲಿಯ ಬಳಿ ಹೋಗಿ ನಿಂತರು. ನೀರು ಬಿಟ್ಟರೂ ಬಹಳ ಹೊತ್ತು ಕೈ ಒಡ್ಡಲಿಲ್ಲ.